ಚಾರ್ಜಿಂಗ್ ಕೋಣೆಯ ಸಾಕ್ಷಿ

ಹೋದ ತಿಂಗಳು ಒಂದು ಬೆಳಿಗ್ಗೆ ಮೊಳಕಾಲ್ಮೂರಿನಿಂದ ಶಬಾನಾ ಫೋನ್ ಮಾಡಿದಳು. ಶಬಾನಾ ನನ್ನ ದಸ್ತಗೀರ್ ಮಾಮುವಿನ, ಅಂದರೆ ನನ್ನ ಅಮ್ಮಿಯ ತಮ್ಮನ ಮಗಳು. ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ಅವಳ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ, ಶಾಲೆಗೆ ಹೊತ್ತಾಗುತ್ತಿತ್ತು. ಚಳ್ಳಕೆರೆಯ ಬ್ಯಾಟರಿ ಅಂಗಡಿಯನ್ನು ಮಗನಿಗೆ ಬಿಟ್ಟು ನಾನು ಮನೆ ಹಿಡಿದು ವರ್ಷಗಳಾದವು. ಆದರೂ ಬಂಧುಬಳಗದಲ್ಲಿ ಯಾರ ಗಾಡಿ ಕೂತರೂ ಮೊದಲ ಫೋನು ನನಗೇ ಬರುತ್ತದೆ. ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳುತ್ತಾ ಹೋದೆ. ಕೀ ತಿರುಗಿಸಿದರೆ ಏನು ಸದ್ದು? ಟಕ್ ಟಕ್ ಅನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸು, ಲೈಟು ಏನಾಗುತ್ತದೆ? ಪೂರ್ತಿ ಆರಿಹೋಗುತ್ತದೆ. ಬ್ಯಾಟರಿಯ ತಲೆಯ ಮೇಲೆ ಬಿಳಿ ಪುಡಿ, ಹಸಿರು ಪುಡಿ ಕೂತಿದೆಯಾ? ಇಲ್ಲ, ಚೊಕ್ಕವಾಗಿದೆ. ಮನೆಯಲ್ಲಿ ವೋಲ್ಟ್ ಅಳೆಯುವ ಕೈಮೀಟರ್ ಒಂದಿತ್ತು, ಹಿಡಿದು ನೋಡಿದಳು. ಹನ್ನೆರಡೂವರೆಯ ಮೇಲಿರಬೇಕಾದ್ದು ಹನ್ನೆರಡಕ್ಕೂ ಕೆಳಗಿತ್ತು. ಪಕ್ಕದ ಮನೆಯವರ ಕಾರಿನಿಂದ ತಂತಿ ಹಾಕಿ ಎಬ್ಬಿಸಿದರು. ಈಗ ಇಂಜಿನ್ ಓಡುತ್ತಿರುವಾಗ ಮೀಟರ್ ಹಿಡಿ ಅಂದೆ. ಹದಿನಾಲ್ಕರ ಹತ್ತಿರಕ್ಕೆ ಏರಬೇಕಾದ ಅಂಕಿ ಹನ್ನೆರಡರಲ್ಲೇ ತೂಕಡಿಸುತ್ತಿತ್ತು.

"ಹಂಗಾದ್ರೆ ಬ್ಯಾಟ್ರಿದಲ್ಲಮ್ಮ ತಪ್ಪು," ಅಂದೆ. "ಆಲ್ಟರ್ನೇಟರ್ ಅದಕ್ಕೆ ಊಟ ಹಾಕ್ತಿಲ್ಲ. ಪಾಪ, ಬ್ಯಾಟ್ರಿ ಉಪವಾಸ ಐತೆ."

"ಭಾಯ್, ಇಂಜಿನ್ ಓಡ್ತಿರುವಾಗ್ಲೇ ಬ್ಯಾಟ್ರಿ ವೈರ್ ಬಿಚ್ಚಿ ನೋಡ್ಲಾ? ಆಲ್ಟರ್ನೇಟರ್ ಸರಿಯಿದ್ರೆ ಇಂಜಿನ್ ನಿಲ್ಲಲ್ಲ ಅಂತ ಮೊಬೈಲಲ್ಲಿ ಒಬ್ಬ ತೋರಿಸ್ತಿದ್ದ."

"ಬೇಡ! ಮುಟ್ಟಬೇಡ!"

ನಾನು ಕೂಗಿದ ಕೂಗಿಗೆ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು. ಆ ಕಡೆ ಶಬಾನಾ ನಗುತ್ತಿದ್ದಳು.

"ಅಬ್ಬಾನೂ ಹಿಂಗೇ ಕೂಗಿದ್ರು ಭಾಯ್. ಕೂಗಿ, ಎರಡೂ ಕೈ ಹಿಂದಕ್ಕೆ ಕಟ್ಕೊಂಡು ಗೇಟಿನ ಹತ್ರ ಹೋಗಿ ನಿಂತಿದಾರೆ. ನನ್ನ ಕೈ ನಂಬಬೇಡ್ರಿ, ಅದು ತಾನಾಗೇ ಹೋಗಿ ಬಿಚ್ಚಿಬಿಡ್ತದೆ ಅಂತಾರೆ. ನಿಮ್ಮಿಬ್ರಿಗೂ ಏನಾಗೈತೆ?"

ಭಾನುವಾರ ಬಂದು ನಾನೇ ನೋಡುತ್ತೇನೆ ಎಂದು ಫೋನ್ ಇಟ್ಟೆ. ಏನಾಗಿದೆ ಎಂಬುದು ಗೊತ್ತಿದ್ದವನು ನಾನೊಬ್ಬನೇ. ಮಾಮುವಿಗೂ ಗೊತ್ತಿರಲಿಲ್ಲ. ಅವರ ಕೈಗೆ ಏನೂ ಆಗಿರಲಿಲ್ಲ. ಅದರ ಮೇಲಿನ ಅವರ ನಂಬಿಕೆ ಕೆಡಿಸಿದವನು ನಾನು. ಅದು ನಾವೆಲ್ಲ ಒಂದೇ ಸೂರಿನಡಿ ಇದ್ದಾಗಿನ ಮಾತು.

ಚಳ್ಳಕೆರೆಯಲ್ಲಿ ನಮ್ಮ ಮನೆ ಎಣ್ಣೆ ಮಿಲ್ಲುಗಳ ಹಿಂದಿನ ಸಾಲಿನಲ್ಲಿತ್ತು. ಬೀದಿಯಿಂದ ಶೇಂಗಾ ಹಿಂಡಿಯ ವಾಸನೆ ಒಳಗೆ ಬರುತ್ತಿತ್ತು, ಮನೆಯೊಳಗಿಂದ ಆಸಿಡ್ಡಿನ ವಾಸನೆ ಬೀದಿಗೆ ಹೋಗುತ್ತಿತ್ತು. ಮುಂದಿನ ಕೋಣೆಯೇ ನನ್ನ ಅಬ್ಬಾನ ಅಂಗಡಿ. ಅದಕ್ಕೆ ನಾವು ಚಾರ್ಜಿಂಗ್ ಕೋಣೆ ಅನ್ನುತ್ತಿದ್ದೆವು. ಕಡಪ ಕಲ್ಲಿನ ನೆಲ, ಗೋಡೆಗುಂಟ ಮರದ ಬೆಂಚು, ಬೆಂಚಿನ ಮೇಲೆ ಲಾರಿ ಬಸ್ಸು ಟ್ಯಾಕ್ಸಿಗಳ ಬ್ಯಾಟರಿಗಳು ಸಾಲಾಗಿ ಒಂದಕ್ಕೊಂದು ತಂತಿ ಹಿಡಿದುಕೊಂಡು ಕೂತಿರುತ್ತಿದ್ದವು. ಮೇಲೆ ಹಲಗೆಯೊಂದರಲ್ಲಿ ಕರೆಂಟನ್ನು ಹದಕ್ಕೆ ತರುವ ದೊಡ್ಡ ಬಲ್ಬುಗಳು ಉರಿಯುತ್ತಿದ್ದವು. ಚಾರ್ಜ್ ಏರಿದ ಬ್ಯಾಟರಿ ಒಳಗೊಳಗೇ ಗುಳುಗುಳು ಅನ್ನುತ್ತದೆ. ಆ ಸದ್ದಿಲ್ಲದ ನನ್ನ ಬಾಲ್ಯದ ಹೊತ್ತು ಯಾವುದೂ ನೆನಪಿಗೆ ಬರುವುದಿಲ್ಲ. ನಡುಮನೆಯಲ್ಲಿ ಅಬ್ಬಾನ ತಖ್ತು, ಅಂದರೆ ಅಗಲವಾದ ಮರದ ಮಂಚ. ಊಟ, ಲೆಕ್ಕದ ಮನೆಪಾಠ, ಜಗಳ, ತೀರ್ಮಾನ ಎಲ್ಲ ಅದರ ಮೇಲೆಯೇ. ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಎರಡು ಹಗ್ಗ. ಒಂದು ತೂತಿಲ್ಲದ ಬಟ್ಟೆಗೆ, ಇನ್ನೊಂದು ಅಬ್ಬಾ ಮತ್ತು ಮಾಮುವಿನ ಆಸಿಡ್ ತಿಂದ ಲುಂಗಿ ಅಂಗಿಗಳಿಗೆ. ಮಾಮುವಿನ ಲುಂಗಿಯನ್ನು ಬೆಳಕಿಗೆ ಹಿಡಿದು ಅಮ್ಮಿ ಹೇಳುತ್ತಿದ್ದಳು:

"ದಸ್ತಗೀರ್, ಇದನ್ನ ಉಟ್ಕೊಂಡ್ ಹೋಗೋದೂ ಒಂದೇ, ಬಿಟ್ ಹೋಗೋದೂ ಒಂದೇ."

"ಗಾಳಿ ಆಡ್ಲಿ ಬಿಡು ಆಪಾ, ಈ ಊರ ಸೆಕೆಗೆ."

ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು; ಮಾಮುವಿಗೆ ಅಕ್ಕ ಆಪಾ, ಭಾವ ದುಲ್ಹಾಭಾಯ್. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಹೈಸ್ಕೂಲಿನ ತನಕ. ಹಾಗಾಗಿ ಆ ಮಾತುಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮಾಮುವಿನ ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಸಾಕಿದವಳು ಅಮ್ಮಿಯೇ. ಮದುವೆಯಾಗಿ ಬರುವಾಗ ತಮ್ಮನನ್ನೂ ಕೈಹಿಡಿದು ಕರೆದುಕೊಂಡು ಬಂದಿದ್ದಳಂತೆ. ಮಾಮು ಮಲಗುತ್ತಿದ್ದದ್ದು ಚಾರ್ಜಿಂಗ್ ಕೋಣೆಯ ಕಿಟಕಿಯ ಪಕ್ಕ. ಅಬ್ಬಾ ಆ ಕಿಟಕಿಯನ್ನು ಮುಚ್ಚಲು ಬಿಡುತ್ತಿರಲಿಲ್ಲ, ಕೋಣೆಯಲ್ಲಿ ಬೀಡಿ ಹಚ್ಚಲು ಬಿಡುತ್ತಿರಲಿಲ್ಲ. ಬ್ಯಾಟರಿ ಬಿಡುವ ಗಾಳಿಗೆ ಒಂದು ಕಿಡಿ ಸಾಕು ಅನ್ನುತ್ತಿದ್ದರು. ಊಟಕ್ಕೆ ಕೂರುವ ಮೊದಲು ಕೈ ತೊಳೆಯುವುದು ನಮ್ಮ ಮನೆಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂವಿನಷ್ಟೇ ಕಟ್ಟುನಿಟ್ಟು: ಮೊದಲು ಸೋಡಾ ಪುಡಿ, ಆಮೇಲೆ ಸೋಪು, ಆಮೇಲೆ ಉಗುರಿನ ಸಂದಿ. ಇನ್ನು ಮಳೆ. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದಾಗ ಊರಿನವರು ಹೊಲದ ಕಡೆ ನೋಡಿದರೆ ನಮ್ಮ ಮನೆಯವರು ಪಾತ್ರೆಗಳ ಕಡೆ ಓಡುತ್ತಿದ್ದೆವು. ಬ್ಯಾಟರಿಗೆ ಕೊಳವೆ ನೀರು ಆಗುವುದಿಲ್ಲ, ಅದರಲ್ಲಿ ಉಪ್ಪಿರುತ್ತದೆ. ಮೊದಲ ಮಳೆಯನ್ನು ಸುರಿಯಲು ಬಿಟ್ಟು, ಆಮೇಲಿನದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಅಮ್ಮಿ ಪಿಂಗಾಣಿ ಜಾಡಿಗಳಲ್ಲಿ ತುಂಬಿಡುತ್ತಿದ್ದಳು. ಬಾಯಾರಿ ಸಾಯುತ್ತಿದ್ದರೂ ಆ ನೀರು ಕುಡಿಯುವಂತಿರಲಿಲ್ಲ.

ಅಬ್ಬಾ ಯಾವ ಗಾಡಿ ಬಂದರೂ ತಕ್ಷಣ ಮುಟ್ಟುತ್ತಿರಲಿಲ್ಲ. ಡ್ರೈವರನನ್ನು ಕೂರಿಸಿ, ಬೆಳಿಗ್ಗೆ ಹೆಂಗೆ ಎದ್ದಿತು, ಸಂಜೆ ಹೆಂಗಿತ್ತು, ಹಾರ್ನ್ ದನಿ ಬದಲಾಗಿದೆಯಾ ಎಂದು ಕೇಳುತ್ತಿದ್ದರು. ಆಮೇಲೆ ಲೈಟು ಹಾಕಿಸಿ ಆಕ್ಸಿಲರೇಟರ್ ತುಳಿಸುತ್ತಿದ್ದರು. ತುಳಿದಾಗ ಬೆಳಕು ಏರಿದರೆ ಒಂದು ಅರ್ಥ, ಏರದಿದ್ದರೆ ಇನ್ನೊಂದು. ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು, ಒಳಗಿನ ಬುಡ್ಡಿ ಎಷ್ಟು ತೇಲುತ್ತದೆ ಎಂದು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದರು. ಇಷ್ಟಾದ ಮೇಲೇ ಬಾಯಿ ಬಿಡುತ್ತಿದ್ದದ್ದು. ಯಾರಾದರೂ "ಡೈನಮೋನೇ ಹೋಗಿರ್ಬೇಕು ಸಾಬ್ರೇ" ಅಂದರೆ, "ಇರ್ಬೇಕು ಅನ್ನೋದು ಬೇಡ. ನೋಡಿದ್ಯಾ?" ಅನ್ನುತ್ತಿದ್ದರು.

ಮನೆಯೊಳಗೂ ಅದೇ ಕಾನೂನು. ಯಾರು ಕಪ್ಪು ಒಡೆದರು, ಯಾರು ಬೆಲ್ಲ ಕದ್ದರು, ಯಾವ ತಕರಾರೇ ಬರಲಿ, ಅಬ್ಬಾ ಸಂಜೆ ನಮಾಜು ಮುಗಿಸಿ ತಖ್ತಿನ ಮೇಲೆ ಕೂತು ಕೇಳುತ್ತಿದ್ದದ್ದು ಒಂದೇ ಮಾತು: ಗವಾಹ್ ಯಾರು? ಸಾಕ್ಷಿ ಯಾರು? ಸಾಕ್ಷಿಗೆ ಎರಡೇ ಉತ್ತರ. 'ದೇಖಾ', ನೋಡಿದೆ. 'ನೈ ದೇಖಾ', ನೋಡಲಿಲ್ಲ. ಅನ್ಕೊಂಡೆ, ಅನ್ನಿಸ್ತು, ಯಾರೋ ಹೇಳಿದ್ರು, ಇವಕ್ಕೆಲ್ಲ ಬೆಲೆ ಇರಲಿಲ್ಲ. ಒಮ್ಮೆ ಅಮ್ಮಿಯ ಮಳೆನೀರಿನ ಜಾಡಿ ಉರುಳಿ ಒಡೆದಿತ್ತು. ಎಲ್ಲರೂ ಬೆಕ್ಕಿನ ಮೇಲೆ ಹಾಕಿದರು. ಗವಾಹ್ ಯಾರು ಎಂದು ಅಬ್ಬಾ ಕೇಳಿದಾಗ ನನಗೆ ಏನು ತೋಚಿತೋ, "ನಾನೇ ಒಡೆದೆ, ನಾನೇ ನೋಡಿದೆ" ಅಂದುಬಿಟ್ಟೆ. ಹೊಡೆತ ಬೀಳುತ್ತದೆ ಅಂದುಕೊಂಡಿದ್ದೆ. ಅಬ್ಬಾ ನನ್ನನ್ನು ಎತ್ತಿ ತಖ್ತಿನ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡರು. "ಪಾಷಾನ ಮಾತು ಮೀಟರಿನ ಮುಳ್ಳು ಇದ್ದಂಗೆ," ಎಂದು ಬಂದವರಿಗೆಲ್ಲ ಹೇಳಿದರು. ಅಂದಿನಿಂದ ಮನೆಯ ಸಾಕ್ಷಿ ನಾನೇ. ತಂಗಿಯರು ನನ್ನನ್ನು ಕಂಡರೆ ಹೆದರುತ್ತಿದ್ದರು. ಆ ಹೆದರಿಕೆ ನನಗೆ ಸಿಹಿಯಾಗಿತ್ತು. ನಿಜ ಹೇಳುವುದಕ್ಕಿಂತ ನಿಜ ಹೇಳುವವನು ಅನ್ನಿಸಿಕೊಳ್ಳುವುದೇ ನನಗೆ ಹೆಚ್ಚಿನ ರುಚಿ ಹತ್ತಿತ್ತು.

ಮಾಮುವಿನ ದಾರಿಯೇ ಬೇರೆ. ಅವರಿಗೆ ಕೇಳುವ, ಒತ್ತುವ, ತೇಲಿಸುವ ತಾಳ್ಮೆ ಇರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ಹತ್ತರ ಪಾನಾ ಹಾಕಿ ಬ್ಯಾಟರಿಯ ಟರ್ಮಿನಲ್ಲಿನ ನಟ್ಟು ಸಡಿಲಿಸಿ, ಒಂದು ತಿರುವಿಗೆ ತಂತಿಯನ್ನು ಮೇಲಕ್ಕೆತ್ತಿಬಿಡುತ್ತಿದ್ದರು. ಬ್ಯಾಟರಿಯ ಸಂಬಂಧ ಕಡಿದರೂ ಇಂಜಿನ್ ಓಡುತ್ತಿದ್ದರೆ ಡೈನಮೋ ಚೆನ್ನಾಗಿದೆ. ನಿಂತರೆ ಡೈನಮೋ ಸತ್ತಿದೆ. ಎಣಿಸುವಷ್ಟರಲ್ಲಿ ಮುಗಿದುಹೋಗುವ ಪರೀಕ್ಷೆ. ಡ್ರೈವರುಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. "ಲೇ, ಸಾಬ್ರು ತಲೆ ಕಡಿದ್ರೂ ಕುರಿ ಓಡ್ತೈತಲ್ಲೋ!" ಎಂದು ಒಬ್ಬ ಕೂಗಿದ್ದು ನೆನಪಿದೆ. ಮಾಮು ಮೀಸೆ ತಿರುವಿ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದರು. ಅಬ್ಬಾನ ಹಾಗೆ ಸಾಕ್ಷಿ ಅನ್ನಿಸಿಕೊಳ್ಳಬೇಕು, ಮಾಮುವಿನ ಹಾಗೆ ಕೈಚಳಕ ತೋರಿಸಬೇಕು, ಇವೆರಡೇ ನನ್ನ ಆಸೆಗಳಾಗಿದ್ದವು.

ಆಮೇಲೆ ಡೈನಮೋ ಇಲ್ಲದ ಗಾಡಿಗಳು ಬರಲು ಶುರುವಾದವು. ಅವುಗಳಲ್ಲಿ ಆಲ್ಟರ್ನೇಟರ್ ಇರುತ್ತಿತ್ತು. ಕೆಲಸ ಒಂದೇ, ಬ್ಯಾಟರಿಗೆ ಕರೆಂಟು ತುಂಬುವುದು. ಆದರೆ ಒಳಗಿನ ಸಾಮಾನು ಬಹಳ ನಾಜೂಕು. ಅಬ್ಬಾ ದಾವಣಗೆರೆಗೆ ಹೋಗಿ ತಿಳಿದುಕೊಂಡು ಬಂದು ಊಟದ ಹೊತ್ತಿಗೆ ಹೇಳಿದರು: ಓಡುವಾಗ ಟರ್ಮಿನಲ್ ತೆಗೆದರೆ ಒಳಗೆ ಕರೆಂಟು ಹೋಗಲು ದಾರಿ ಸಿಗದೆ ಉಕ್ಕಿ ತನ್ನನ್ನೇ ಸುಟ್ಟುಕೊಳ್ಳುತ್ತದೆ, ಇನ್ನು ಮೇಲೆ ಯಾವ ಗಾಡಿಗೂ ಆ ಪರೀಕ್ಷೆ ಬೇಡ. ಮಾಮು ತಲೆಯಾಡಿಸಿದರು. ಆದರೆ ಒಂದು ದಿನ ಹಳೇ ಟ್ಯಾಕ್ಸಿಯೊಂದರ ಮುಂದೆ ಮಾತಾಡುತ್ತಾ ಆಡುತ್ತಾ ಅವರ ಕೈ ಟರ್ಮಿನಲ್ ಎತ್ತಿಯೇ ಬಿಟ್ಟಿತು. ಅದು ಡೈನಮೋ ಗಾಡಿ, ಏನೂ ಆಗಲಿಲ್ಲ. ಮಾಮು ತಂತಿಯನ್ನು ಹಾವು ಹಿಡಿದವರ ಹಾಗೆ ನೋಡಿದರು.

"ಅರೆ, ನಾನ್ ತೆಗೀಲಿಲ್ಲ ದುಲ್ಹಾಭಾಯ್. ಕೈ ತಾನೇ ಹೋಯ್ತು!"

"ಕೈ ಹೋಗ್ಲಿ, ತಲೆ ಇಲ್ಲೇ ಇರ್ಲಿ," ಎಂದರು ಅಬ್ಬಾ. ಎಲ್ಲರೂ ನಕ್ಕೆವು.

ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಸುಬ್ಬಯ್ಯನವರ ಹೊಸ ಕಾರು ನಮ್ಮ ಬಾಗಿಲಿಗೆ ಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಹತ್ತಾರು ಮಗ್ಗ ಇಟ್ಟುಕೊಂಡ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ದೊಡ್ಡ ಮನುಷ್ಯ. ಹಿಂದಿನ ರಾತ್ರಿ ಕೊಂಡ್ಲಹಳ್ಳಿ ದಾಟಿ ಬರುವಾಗ ಲೈಟು ಮಂಕಾಗಿತ್ತಂತೆ. ಅಬ್ಬಾ ಎಂದಿನಂತೆ ಕೇಳಿ, ಒತ್ತಿ, ತೇಲಿಸಿ ನೋಡಿದರು. ಬೆಲ್ಟು ಸಡಿಲವಾಗಿತ್ತು, ಅಷ್ಟೇ. ಬಿಗಿ ಮಾಡಿ, ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ, ಬ್ಯಾಟರಿ ಸ್ವಲ್ಪ ತುಂಬಿಕೊಳ್ಳಲಿ ಎಂದು ಇಂಜಿನ್ ಓಡಲು ಬಿಟ್ಟರು. ಸುಬ್ಬಯ್ಯನವರು ಡ್ರೈವರನ ಜೊತೆ ಊಟಕ್ಕೆ ಹೋಟೆಲಿಗೆ ಹೋದರು. ಅಬ್ಬಾ ಮಧ್ಯಾಹ್ನದ ನಮಾಜಿಗೆ ಹೊರಟರು. ಒಳಗಿಂದ ಅಮ್ಮಿ ಕುಷ್ಕ ಆರುತ್ತಿದೆ ಎಂದು ಕೂಗಿದಳು. ಮಾಮು "ಪಾಷಾ, ನೋಡ್ತಿರು, ಬಂದೆ" ಎಂದು ಊಟಕ್ಕೆ ಹೋದರು.

ಬೀದಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಹತ್ತರ ಪಾನಾ ಇತ್ತು. ಅಬ್ಬಾ ಬೇಡ ಅಂದದ್ದು ನನಗೆ ಗೊತ್ತಿತ್ತು, ಮರೆತಿದ್ದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಳೇ ಟ್ಯಾಕ್ಸಿಗೆ ಏನೂ ಆಗದಿದ್ದದ್ದು ನೋಡಿದ್ದೆನಲ್ಲ, ದೊಡ್ಡವರು ಸುಮ್ಮನೆ ಹೆದರಿಸುತ್ತಾರೆ ಅಂದುಕೊಂಡೆ. ಚೆಂದ ಕಾಣಲಿ ಎಂದು ಹೆಡ್‌ಲೈಟ್ ಬೇರೆ ಹಾಕಿಕೊಂಡೆ. ನಟ್ಟು ಸಡಿಲಿಸಿ, ಮಾಮುವಿನ ಹಾಗೆಯೇ ಮಣಿಕಟ್ಟು ತಿರುವಿ, ಎತ್ತಿದೆ. ಇಂಜಿನ್ ಓಡುತ್ತಲೇ ಇತ್ತು. ನನ್ನ ಕೈಗೂ ಬಂತು ಎಂದು ಖುಷಿಯಾಗುವಷ್ಟರಲ್ಲಿ ಹೆಡ್‌ಲೈಟ್ ಎರಡೂ ಬೆಳ್ಳಗೆ ಉರಿದು, ಪಟ್ಟನೆ ಆರಿದವು. ಸುಟ್ಟ ಅರಗಿನಂಥ ವಾಸನೆ ಬಂತು. ತಂತಿಯನ್ನು ಮತ್ತೆ ಕೂರಿಸಿದೆ. ಅವಸರದಲ್ಲಿ ನಟ್ಟು ಬಿಗಿಯಾಗಲಿಲ್ಲ. ಕಾರಿನೊಳಗೆ, ಚಾರ್ಜ್ ಆಗುತ್ತಿಲ್ಲ ಎಂದು ತೋರಿಸುವ ಕೆಂಪು ದೀಪ ಹತ್ತಿಕೊಂಡಿತ್ತು. ಎಷ್ಟು ಹೊತ್ತು ನೋಡಿದರೂ ಅದು ಆರಲಿಲ್ಲ.

ಮಾಮು ಕೈ ಒರೆಸಿಕೊಳ್ಳುತ್ತಾ ಬಂದವರು ಆ ಕೆಂಪು ದೀಪ ಕಂಡು ನಿಂತರು.

"ಏನಾಯ್ತೋ ಪಾಷಾ?"

"ಗೊತ್ತಿಲ್ಲ ಮಾಮು."

ಅಬ್ಬಾ ಬಂದರು. ಸುಬ್ಬಯ್ಯನವರು ಬಂದರು. ಬೆಲ್ಟು ಬಿಗಿ ಮಾಡಿಸಲು ಬಂದ ಕಾರಿನ ಆಲ್ಟರ್ನೇಟರ್ ಸುಟ್ಟುಹೋಗಿತ್ತು. ಅದರ ಸಾಮಾನು ಬೆಂಗಳೂರಿನಿಂದಲೇ ಬರಬೇಕು.

"ಏಮಿ ಸಾಬ್ರೇ ಇದಿ? ನಡ್ಕೊಂಡ್ ಬಂದಿದ್ ಗಾಡಿನ ಹೊತ್ಕೊಂಡ್ ಹೋಗ್ಬೇಕಾ ನಾನು?" ಎಂದರು ಸುಬ್ಬಯ್ಯನವರು. "ಮೀರು ನೋಡ್ದೇ ಹೇಳಲ್ಲ, ಹೇಳಿದ್ ಮೇಲೆ ತಪ್ಪಲ್ಲ ಅಂತ ಇಷ್ಟ್ ದೂರ ಬಂದೆ."

ಅಬ್ಬಾ ತಲೆ ತಗ್ಗಿಸಿ ನಿಂತದ್ದನ್ನು ನಾನು ಅಂದೇ ಮೊದಲು ಕಂಡದ್ದು. ತಪ್ಪು ನಮ್ಮದು, ಸರಿಮಾಡಿಸಿ ಗಾಡಿಯನ್ನು ನಿಮ್ಮ ಮನೆಗೇ ತಂದುಕೊಡುತ್ತೇನೆ ಅಂದರು. ಸುಬ್ಬಯ್ಯನವರು ಬಸ್ಸಿನಲ್ಲಿ ಹೋದ ಮೇಲೆ ಅಬ್ಬಾ ಬಾನೆಟ್ಟಿನ ಕೆಳಗೆ ಬಗ್ಗಿದರು. ತಾವು ಸವರಿದ ವ್ಯಾಸಲೀನ್ ಅಳಿಸಿತ್ತು, ತಾವು ಬಿಗಿ ಮಾಡಿದ್ದ ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಸಂಜೆ ನಮಾಜು ಮುಗಿಸಿ ಬಂದು ತಖ್ತಿನ ಮೇಲೆ ಕೂತರು. ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ದಸ್ತಗೀರ್, ಟರ್ಮಿನಲ್ ತೆಗೆದ್ಯಾ?"

"ಇಲ್ಲ ದುಲ್ಹಾಭಾಯ್." ಮಾಮು ಸ್ವಲ್ಪ ತಡೆದರು. "ನನಗೆ ನೆನಪಿಲ್ಲ. ತೆಗೀಲಿಲ್ಲ ಅನ್ಸುತ್ತೆ."

"ಅನ್ಸೋದು ಬೇಡ." ಅಬ್ಬಾ ನನ್ನ ಕಡೆ ತಿರುಗಿದರು. "ಪಾಷಾ. ಅಲ್ಲಿದ್ದವನು ನೀನು. ಮಾಮು ತೆಗೆದದ್ದು ದೇಖಾ?"

ನೈ ದೇಖಾ ಎಂದಿದ್ದರೂ ಸಾಕಿತ್ತು. ಅದು ನಿಜವೂ ಆಗಿತ್ತು. ಆದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರು ತೆಗೆದರು ಎಂಬುದು, ಅಬ್ಬಾನ ಕಣ್ಣಲ್ಲಿ ಆಗಲೇ ಇತ್ತು.

"ದೇಖಾ," ಅಂದೆ.

ಮಾಮು ನನ್ನನ್ನು ನೋಡಿದರು. ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ನೋಟ. ಅದರಲ್ಲಿ ಕೋಪ ಇರಲಿಲ್ಲ, ಅನುಮಾನವೂ ಇರಲಿಲ್ಲ. ಮರೆತ ಸಾಮಾನು ಎಲ್ಲಿದೆ ಎಂದು ಇನ್ನೊಬ್ಬರು ನೆನಪು ಮಾಡಿಕೊಟ್ಟಾಗ ನೋಡುತ್ತೇವಲ್ಲ, ಹಾಗೆ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ದೀಪದ ಕಡೆಗೆ ತಿರುಗಿಸಿ ಅಂಗೈ ನೋಡಿಕೊಂಡರು.

"ಹಂಗಾದ್ರೆ ತೆಗ್ದಿರ್ಬೇಕು," ಅಂದರು ಮೆಲ್ಲಗೆ. "ಊಟಕ್ಕೆ ಹೋಗೋ ಮುಂಚೆ ತೆಗ್ದಿದ್ದೆನೇನೋ. ಪಾಷಾ ಸುಳ್ಳು ಹೇಳಲ್ಲ."

ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಬ್ಬಾ ಬೈಯಲಿಲ್ಲ. ತನಗೆ ಗೊತ್ತಿಲ್ಲದೆ ಕೈ ಆಡುವವನನ್ನು ಆಸಿಡ್ಡು ಕರೆಂಟಿನ ನಡುವೆ ಇಟ್ಟುಕೊಳ್ಳುವುದು ಹೇಗೆ ಎಂದು ಅಮ್ಮಿಗೆ ಹೇಳಿದ್ದು ಗೋಡೆಯಾಚೆ ನನಗೆ ಕೇಳಿಸಿತು. ಅಮ್ಮಿ ಎಂದೂ ಏರಿಸದ ದನಿ ಏರಿಸಿದಳು. ಅವನು ನನ್ನ ತಮ್ಮ, ನಿಮ್ಮ ಅಂಗಡಿಯ ಬ್ಯಾಟರಿಯಲ್ಲ, ಕೆಟ್ಟರೆ ಎತ್ತಿ ಆಚೆ ಇಡಲು ಅಂದಳು. ಮರುದಿನ ನಾನು ಶಾಲೆಗೆ ಹೊರಟಾಗ ಅವಳು ನನ್ನನ್ನು ಒಲೆಯ ಪಕ್ಕ ಕೂರಿಸಿಕೊಂಡು ರೊಟ್ಟಿಯ ತುಂಡಿಗೆ ತುಪ್ಪ ಸವರಿ ಬಾಯಿಗಿಟ್ಟಳು.

"ಮಗಾ, ನಿಮ್ಮ ಅಬ್ಬಾ ಇಲ್ಲಿಲ್ಲ. ನಾನು ಯಾರಿಗೂ ಹೇಳಲ್ಲ. ನಿಜ ಹೇಳು, ಮಾಮು ತೆಗೆದದ್ದು ನೀನು ಕಣ್ಣಾರೆ ನೋಡಿದ್ಯಾ?"

ಬಾಯಿಯ ತುಂಬ ರೊಟ್ಟಿ ಇತ್ತು. ಅದನ್ನು ನುಂಗಿ, "ದೇಖಾ ಅಮ್ಮಿ," ಅಂದೆ. ತಖ್ತಿನ ಮೇಲೆ ಹೇಳಿದ್ದು ಹೆದರಿ ಹೇಳಿದ್ದು ಎಂದು ನನ್ನನ್ನು ನಾನು ಎಷ್ಟೋ ಸಲ ಬಿಡಿಸಿಕೊಂಡಿದ್ದೇನೆ. ಒಲೆಯ ಮುಂದೆ ಹೇಳಿದ್ದಕ್ಕೆ ಅಂಥ ನೆಪ ನನಗೆ ಇದುವರೆಗೆ ಸಿಕ್ಕಿಲ್ಲ.

ಅಬ್ಬಾ ಮಾಮುವನ್ನು ಹೋಗು ಅನ್ನಲಿಲ್ಲ. ಮಾಮು ತಾವಾಗೇ ಬೆಂಚಿನಿಂದ ದೂರ ಸರಿದರು. ಪಾನಾ ಹಿಡಿಯಲು ಹೋಗಿ ಹಿಂದೆಗೆಯುತ್ತಿದ್ದರು. ಬಲ್ಬಿನ ಸ್ವಿಚ್ಚು ಒತ್ತುವ ಮುಂಚೆ ತಮ್ಮ ಕೈಯನ್ನು ಒಮ್ಮೆ ನೋಡುತ್ತಿದ್ದರು. ಡ್ರೈವರುಗಳು "ದಸ್ತಗೀರಣ್ಣ, ಒಂದ್ಸಲ ಕುರಿ ತಲೆ ಕಡಿ" ಎಂದು ರೇಗಿಸಿದರೆ ಒಳಗೆ ಎದ್ದು ಹೋಗುತ್ತಿದ್ದರು. ಸುಬ್ಬಯ್ಯನವರ ಕಾರು ಸರಿಯಾದ ದಿನ ಮಾಮು ಅದರಲ್ಲೇ ಮೊಳಕಾಲ್ಮೂರಿಗೆ ಹೋದರು, ವಾಪಸು ಬರಲಿಲ್ಲ. ಸುಬ್ಬಯ್ಯನವರ ಮುಂದೆ ನಿಂತು, ನಿಮ್ಮ ಗಾಡಿ ಕೆಡಿಸಿದ ಕೈ ಇದು, ಗಾಡಿಯೊಂದು ಬಿಟ್ಟು ಬೇರೆ ಏನಾದರೂ ಕೆಲಸ ಕೊಡಿ ಅಂದರಂತೆ. ಸುಬ್ಬಯ್ಯನವರು ಒಳ್ಳೆಯವರು. ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುವ ಕೆಲಸಕ್ಕೆ ಇಟ್ಟುಕೊಂಡರು. ನೇಕಾರರ ಕೇರಿಯಲ್ಲಿ ಮಾಮುವಿಗೆ ಪಟ್ಟು ಸಾಯಿಬು ಎಂದು ಹೆಸರಾಯಿತು, ತೆಲುಗಿನಲ್ಲಿ ಪಟ್ಟು ಅಂದರೆ ರೇಷ್ಮೆ. ಅಲ್ಲೇ ಮದುವೆಯಾದರು, ಅಲ್ಲೇ ಶಬಾನಾ ಹುಟ್ಟಿದಳು. ಸೈಕಲ್ಲಿನ ಚೈನು ಕಳಚಿದರೂ ಬೇರೆಯವರನ್ನು ಕರೆಯುತ್ತಿದ್ದರು.

ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿಯಾಯಿತು. ಹಿತ್ತಲಿನ ಎರಡನೇ ಹಗ್ಗದಲ್ಲಿ ಅಬ್ಬಾನ ಬಟ್ಟೆ ಮಾತ್ರ ಆಡುತ್ತಿತ್ತು. ದಾಲ್ಚಾ ಮಾಡಿದ ದಿನ ಅಮ್ಮಿ ಮೊದಲ ಡಬ್ಬಿ ಬಸ್ ಕಂಡಕ್ಟರನ ಕೈಗೆ ಕೊಟ್ಟು ಮೊಳಕಾಲ್ಮೂರಿಗೆ ಕಳಿಸಿ, ಆಮೇಲೆ ನಮಗೆ ಬಡಿಸುತ್ತಿದ್ದಳು. ಅಬ್ಬಾನ ಜೊತೆ ತಖ್ತಿನ ಮೇಲೆ ಕೂತು ಊಟ ಮಾಡುವುದನ್ನು ಬಿಟ್ಟಳು. ನನ್ನ ಜೊತೆ ಮಾತ್ರ ಹಾಗೆಯೇ ಇದ್ದಳು, ಏಕೆಂದರೆ ಅವಳ ಪಾಲಿಗೆ ನಾನು ನೋಡಿದ್ದನ್ನು ಹೇಳಿದವನು, ನನ್ನದೇನೂ ತಪ್ಪಿರಲಿಲ್ಲ. ಹೈಸ್ಕೂಲು ಮುಗಿಸಿ ಅಂಗಡಿಯಲ್ಲಿ ಕೂತೆ. ಪಾಷಾ ಹೇಳಿದ ಮೇಲೆ ಮುಗೀತು ಎಂದು ಊರು ನಂಬಿತು. ಬೀದಿಯ ಜಗಳಗಳಿಗೂ ನನ್ನನ್ನು ಕರೆಯತೊಡಗಿದರು. ನಾನು ಹೋಗುತ್ತಿದ್ದೆ, ಕೂತು ನ್ಯಾಯ ಹೇಳುತ್ತಿದ್ದೆ. ಅಂಗಡಿಗೆ ಬಂದವರೆಲ್ಲರಿಗೂ ಬೆಲ್ಟು ನೋಡುವುದು, ಟರ್ಮಿನಲ್ಲು ತೊಳೆಯುವುದು, ಮೀಟರು ಹಿಡಿಯುವುದು ಹೇಳಿಕೊಟ್ಟು, ಕೊನೆಗೆ ಓಡುವ ಇಂಜಿನ್ನಿನಲ್ಲಿ ತಂತಿ ಮಾತ್ರ ಬಿಚ್ಚಬೇಡಿ ಅನ್ನುತ್ತಿದ್ದೆ. ಬಿಚ್ಚಿದರೆ ಏನಾಗುತ್ತದೆ ಸಾಬ್ರೇ ಎಂದು ಯಾರಾದರೂ ಕೇಳಿದರೆ, ನಮ್ಮ ಮಾಮು ಒಬ್ಬರು ಬಿಚ್ಚಿದ್ದರು ಎಂದು ಶುರುಮಾಡಿ ಸುಬ್ಬಯ್ಯನವರ ಕಾರಿನ ಕತೆ ಹೇಳುತ್ತಿದ್ದೆ. ಅದನ್ನೂ ಹೇಳಿದ್ದೇನೆ, ನಗಿಸುತ್ತಾ ಹೇಳಿದ್ದೇನೆ. ಅಬ್ಬಾ ಹೋದರು. ಅಮ್ಮಿ ಹೋಗುವಾಗ ನಾನು ಪಕ್ಕದಲ್ಲೇ ಇದ್ದೆ, ನಿಜ ಹೇಳಲು ಬಗ್ಗಿದೆ. ಅವಳು ನನ್ನ ಕೆನ್ನೆ ಸವರಿ, ದಸ್ತಗೀರನ್ನ ನೋಡ್ಕೋ ಅಂದಳು. ನೋಡ್ಕೋತೀನಿ ಅಂದೆ.

ಭಾನುವಾರ ಮೊಳಕಾಲ್ಮೂರಿಗೆ ಹೋದೆ. ಶಬಾನಾಳ ಕಾರಿನಲ್ಲಿ ದೊಡ್ಡದೇನೂ ಇರಲಿಲ್ಲ. ಆಲ್ಟರ್ನೇಟರಿನ ಹಿಂದಿನ ತಂತಿಯ ಬಾಯಿ ಹಸಿರುಗಟ್ಟಿ ಸಡಿಲವಾಗಿತ್ತು. ಉಜ್ಜಿ ಕೂರಿಸಿದ ಮೇಲೆ ಮೀಟರ್ ಹದಿನಾಲ್ಕು ತೋರಿಸಿತು. ಮಾಮು ಗೇಟಿನ ಹತ್ತಿರದಿಂದಲೇ ನೋಡುತ್ತಿದ್ದರು. ಕೂದಲು ಪೂರ್ತಿ ಹಣ್ಣಾಗಿದೆ, ಬೆರಳುಗಳು ನೂಲು ಸುತ್ತಿ ಸುತ್ತಿ ಬಗ್ಗಿವೆ. ಕೈ ತೊಳೆದುಕೊಂಡು ಹೋಗಿ ಅವರ ಪಕ್ಕ ಜಗುಲಿಯ ಮೇಲೆ ಕೂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಮಾಮು, ಆವತ್ತು ಸುಬ್ಬಯ್ಯನೋರ ಕಾರಿನ ಟರ್ಮಿನಲ್ ತೆಗೆದದ್ದು ನೀವಲ್ಲ. ನಾನು. ನೀವು ತೆಗೆದದ್ದು ನೋಡಿದೆ ಅಂದದ್ದು ಸುಳ್ಳು."

ಮಾಮು ನನ್ನನ್ನು ನೋಡಿ ನಕ್ಕರು.

"ಹೋಗೋ. ನಾನೇ ತೆಗ್ದಿದ್ದು. ನನಗೆ ಚೆನ್ನಾಗಿ ನೆನಪೈತೆ. ಎಡಗೈಲಿ ಬಾನೆಟ್ ಹಿಡ್ಕೊಂಡಿದ್ದೆ, ಬಲಗೈಲಿ ಪಾನಾ. ಎತ್ತಿದ ಕೂಡ್ಲೇ ನೀಲಿ ಕಿಡಿ ಹಾರ್ತು. ನೀನು ಬೆಂಚಿನ ಹತ್ರ ನಿಂತ್ಕೊಂಡು ಬೇಡ ಮಾಮು, ಬೇಡ ಮಾಮು ಅಂತಿದ್ದೆ. ನಾನು ಕೇಳ್ಲಿಲ್ಲ."

"ನೀವು ಒಳಗೆ ಊಟಕ್ಕೆ ಕೂತಿದ್ರಿ ಮಾಮು. ಅಮ್ಮಿ ಬಡಿಸ್ತಿದ್ಳು."

"ಊಟ ಆಮೇಲೆ. ತೆಗ್ದು, ಹಾಕಿ, ಆಮೇಲೆ ಊಟಕ್ಕೆ ಹೋದೆ."

"ಇಲ್ಲ ಮಾಮು. ಖುದಾನ ಆಣೆ. ನಾನು ಸುಳ್ಳು ಹೇಳಿದೆ."

"ನೀನು ಆವತ್ತು ಸುಳ್ಳು ಹೇಳಲಿಲ್ಲ. ಇವತ್ತು ಹೇಳ್ತಿದೀಯ," ಎಂದು ಅವರು ನನ್ನ ತೊಡೆ ತಟ್ಟಿದರು. "ಮುದುಕನ ಮನಸ್ಸು ಹಗುರ ಆಗ್ಲಿ ಅಂತ ಹೇಳ್ತಿದೀಯ. ನಿಮ್ಮ ಅಮ್ಮಿ ಮಗ ಅಲ್ವಾ ನೀನು."

ನಾನು ಮತ್ತೆ ಹೇಳಿದೆ. ಹೆಡ್‌ಲೈಟು ಉರಿದದ್ದು, ವಾಸನೆ ಬಂದದ್ದು, ನಟ್ಟು ಬಿಗಿಯಾಗದೇ ಹೋದದ್ದು ಎಲ್ಲ ಹೇಳಿದೆ. ಅವರು ಮಗುವಿನ ಮಾತು ಕೇಳುವವರ ಹಾಗೆ ತಲೆಯಾಡಿಸುತ್ತಾ ಕೇಳಿದರು. ನಡೆಯದೇ ಇದ್ದ ಒಂದು ಮಧ್ಯಾಹ್ನವನ್ನು ನಾನು ಅವರಿಗೆ ಕೊಟ್ಟಿದ್ದೆ. ಇಷ್ಟು ವರ್ಷ ಅದನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದರು. ಈಗ ವಾಪಸು ಕೇಳಿದರೆ ಕೊಡುವಂತಿರಲಿಲ್ಲ. ಶಬಾನಾ ಚಾ ತಂದು ಬಾಗಿಲಲ್ಲಿ ನಿಂತಿದ್ದಳು. ಮಾಮುವಿನ ನಗು ಮೆಲ್ಲಗೆ ಇಳಿಯಿತು.

"ಪಾಷಾ, ಒಂದು ಮಾತು ಉಳಿದೈತೆ. ನಿಮ್ಮ ಅಬ್ಬಾನ ಹತ್ರ ನಾನು ಮಾಫಿ ಕೇಳ್ಲೇ ಇಲ್ಲ. ನನ್ನಿಂದ ಅವರು ಇನ್ನೊಬ್ಬರ ಮುಂದೆ ತಲೆ ತಗ್ಸಿದ್ರು. ಅವರ ಮಣ್ಣಿಗೆ ಬಂದಾಗ್ಲೂ ನಾಚಿಕೆಯಾಗಿ ಹಿಂದೆ ನಿಂತಿದ್ದೆ. ಅವರ ಮಗ ನೀನಿದೀಯ. ಅವರ ಪರವಾಗಿ ಮಾಫ್ ಮಾಡ್ದೆ ಅಂತ ಒಂದು ಮಾತು ಹೇಳು."

"ಮಾಮು, ನಾನು ನಿಮ್ಮ ಹತ್ರ ಕೇಳೋಕೆ ಬಂದೋನು."

"ನನಗೆ ಕೊಡೋಕೆ ಏನೈತೋ? ನೀನೇನೂ ಮಾಡಿಲ್ಲ. ಹೇಳು."

ಅವರ ಕಣ್ಣು ತುಂಬಿತ್ತು. ಶಬಾನಾ ಚಾ ಕೆಳಗಿಟ್ಟು ನನ್ನ ಭುಜ ಮುಟ್ಟಿದಳು.

"ಹೇಳಿಬಿಡಿ ಭಾಯ್. ನಾನು ಚಿಕ್ಕೋಳಿದ್ದಾಗಿಂದ ಇದೊಂದೇ ಮಾತು ಅಬ್ಬಾದು, ಯಾಕೆ ಅಂತ ಮಾತ್ರ ಹೇಳಿರ್ಲಿಲ್ಲ."

ಮಾಮು ಕಾಯುತ್ತಿದ್ದರು.

"ಮಾಫ್ ಮಾಡ್ದೆ ಮಾಮು," ಅಂದೆ.

ಅವರು ದೊಡ್ಡದಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಇವನು ಊಟ ಮಾಡಿಕೊಂಡೇ ಹೋಗುತ್ತಾನೆ ಎಂದು ಮಗಳಿಗೆ ಹೇಳಿದರು. ಅವಳು ಬಡಿಸಲು ಬಂದಾಗ ಸೌಟು ಇಸಿದುಕೊಂಡು ತಾವೇ ಬಡಿಸಿದರು. ಬಡಿಸಿದ್ದನ್ನೆಲ್ಲ ತಿಂದೆ.